ಮಜೀದ್ ಸಾಹೇಬರ ಆಟೋಫೇಜಿ

ಮಲಗಿಕೊಂಡು ಪೈ ತಿನ್ನುವ ವಿದ್ಯೆಯನ್ನು ಮಜೀದ್ ಈ ರಂಜಾನಿನಲ್ಲಿ ಕಲಿತಿದ್ದ. ಹಿಂದೆ ಸಾಮಾನು ಹೇರುವ ತನ್ನ ಯೂಟ್ ಗಾಡಿಯ ಸೀಟನ್ನು ಪೂರ್ತಿ ಹಿಂದಕ್ಕೆ ಬೀಳಿಸಿ, ತಲೆಯನ್ನು ಕಿಟಕಿಯ ಅಂಚಿಗಿಂತ ಕೆಳಗಿಟ್ಟು, ಎದೆಯ ಮೇಲೆ ಕಾಗದದ ಚೀಲ ಹಾಸಿಕೊಂಡು, ಪೈಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಿನಿಂದ ಬಾಯಿಗೆ ಇಳಿಸಬೇಕು. ಅವಸರ ಮಾಡಿದರೆ ಬಿಸಿ ಆಲೂಗಡ್ಡೆ ಗಡ್ಡದೊಳಗೆ ಬೀಳುತ್ತದೆ. ನಿಧಾನ ಮಾಡಿದರೆ ತುತ್ತು ಗಂಟಲಲ್ಲೇ ನಿಂತು ಎದ್ದು ಕೂರದೆ ಗತಿಯಿಲ್ಲ. ಎದ್ದು ಕೂತರೆ, ಉಪವಾಸದ ತಿಂಗಳ ನಡುಹಗಲಲ್ಲಿ ಮಜೀದ್ ಸಾಹೇಬರು ಕೆನ್ನೆ ಉಬ್ಬಿಸಿಕೊಂಡು ಕೂತಿರುವುದು ಈ ಪರದೇಶದ ಇಡೀ ನ್ಯೂ ಲಿನ್ ಬಡಾವಣೆಗೆ ಕಾಣುತ್ತದೆ. ಗೋದಾಮುಗಳ ಹಿಂದಿನ ಈ ಪಾರ್ಕಿಂಗಿಗೆ ಮಸೀದಿಯವರು ಯಾರೂ ಬರುವುದಿಲ್ಲ. ಬರುವುದು ಸೀಗಲ್ ಎಂಬ ಕಡಲಹಕ್ಕಿಗಳು ಮಾತ್ರ. ಮೊದಲ ದಿನ ಒಂದಕ್ಕೆ ಚೂರು ಎಸೆದು ಅದರ ಬಾಯಿ ಮುಚ್ಚಿಸಿದ್ದ. ಮರುದಿನ ಅದು ಬೀಗರು ಬಿಜ್ಜರನ್ನೆಲ್ಲ ಕಟ್ಟಿಕೊಂಡು ಬಂದಿತ್ತು. ಈಗ ಬಾನೆಟ್ಟಿನ ಮೇಲೆ ಕೂತ ಕೆಂಪು ಕೊಕ್ಕಿನದೊಂದು ಗಾಜಿಗೆ ತಲೆ ವಾಲಿಸಿ, ಲಂಚ ಯಾಕೆ ನಿಲ್ಲಿಸಿದೆ ಎನ್ನುವಂತೆ ಅವನನ್ನೇ ನೋಡುತ್ತಿತ್ತು. ಮಜೀದ್ ಅದಕ್ಕೆ ಬೆನ್ನು ಮಾಡಲು ನೋಡಿದ, ಹೊಟ್ಟೆ ಸ್ಟಿಯರಿಂಗಿಗೆ ತಾಗಿತು. ಪೈ ತರಕಾರಿಯದು, ಹಿಟ್ಟಿನ ಕವಚದೊಳಗೆ ಪಲ್ಯ ತುಂಬಿ ಬೇಯಿಸಿದ್ದು. ಚಿಕನ್ ಪೈ ಚೆನ್ನಾಗಿರುತ್ತದೆ ಎಂದು ಬೇಕರಿಯ ಹುಡುಗಿ ದಿನಾ ಹೇಳುತ್ತಾಳೆ, ಹಲಾಲ್ ಅಲ್ಲವೆಂದು ಅವನು ದಿನಾ ಬೇಡವೆನ್ನುತ್ತಾನೆ. ರೋಜಾ ಕದ್ದು ಮುರಿಯುವಾಗಲೂ ಹಲಾಲ್ ಬಿಡಲಿಲ್ಲವಲ್ಲ ಎಂಬ ಒಂದು ಹೆಮ್ಮೆ ಎದೆಯಲ್ಲಿ ಏಳುತ್ತದೆ, ಅದು ಪೂರ್ತಿ ಏಳುವುದರೊಳಗೆ ನಾಚಿಕೆ ಬಂದು ಅದರ ಮೇಲೆ ಕೂತುಬಿಡುತ್ತದೆ.

ಮೇಲಿನವನಿಂದ ಅವನು ಅಡಗಬೇಕಾಗಿರಲಿಲ್ಲ. ಕಾಯಿಲೆಯವನಿಗೆ ರೋಜಾದಿಂದ ಮಾಫಿಯಿದೆ, ಬದಲಿಗೆ ಬಡವನಿಗೆ ಊಟ ಹಾಕಿದರಾಯಿತು ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತು. ಅವನು ಅಡಗಿದ್ದು ಮನುಷ್ಯರಿಂದ, ಅದರಲ್ಲೂ ಒಂದು ಮಾತಿನಿಂದ. ಆಟೋಫೇಜಿ. ಗದಗಿನ ಸೋದರತ್ತೆಯ ಮಗ ವಾಟ್ಸ್ಯಾಪಿನಲ್ಲಿ ಕಳಿಸಿದ್ದ ಒಂದು ವಿಡಿಯೋದಲ್ಲಿ ಆ ಮಾತು ಬಂದಿತ್ತು: ಉಪವಾಸ ಮಾಡಿದಾಗ ಮೈಯೊಳಗಿನ ಸೆಲ್ಲುಗಳು ತಮ್ಮ ಹಳೆಯ ಕಸವನ್ನು ತಾವೇ ತಿಂದು ಹೊಸದಾಗುತ್ತವೆ, ಇದಕ್ಕೆ ನೊಬೆಲ್ ಕೊಟ್ಟಿದ್ದಾರೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಮಜೀದನಿಗೆ ಅದು ಒಂದೇ ಸಲಕ್ಕೆ ಅರ್ಥವಾಗಿತ್ತು, ಯಾಕೆಂದರೆ ಅವನ ವಂಶವೇ ನದಾಫರದು, ಗಾದಿ ಮಾಡುವವರದು. ಅಪ್ಪ ಹತ್ತಿ ಹಿಂಜುವ ಬಿಲ್ಲು ಹೆಗಲಿಗೇರಿಸಿಕೊಂಡು ಓಣಿ ಓಣಿ ತಿರುಗುತ್ತಿದ್ದ, ಕರೆದವರ ಅಂಗಳದಲ್ಲಿ ಗಾದಿಯ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಟಂಯ್ ಟಂಯ್ ಎಂದು ಹಿಂಜಿ ಮೋಡ ಮಾಡಿ, ಅದೇ ಚೀಲಕ್ಕೆ ಮತ್ತೆ ತುಂಬುತ್ತಿದ್ದ. ಮಜೀದ್ ಇಲ್ಲಿ ಸೋಫಾಗಳಿಗೆ ಹೊಸ ಬಟ್ಟೆ ಹಾಕುತ್ತಾನೆ, ಬಿಲ್ಲಿಲ್ಲ, ಮೋಡವಿಲ್ಲ, ಬರೀ ಹಳದಿ ಫೋಮು. ಮಸೀದಿಯಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಅವನು ಮೊದಲ ಸಲ ಹೇಳಿದ್ದ, “ನೋಡ್ರಿ, ಹಳೇ ಗಾದಿ ಗಂಟ್ ಗಂಟ್ ಆತಂದ್ರ ಒಗೀತೀವೇನು? ಒಗ್ಯಂಗಿಲ್ಲ. ಬಿಚ್ಚಿ, ಹಿಂಜಿ, ಧೂಳ ಝಾಡ್ಸಿ, ಅದರಾಗ ತುಂಬ್ತೀವಿ. ಹೊರಗಿಂದ ಹೊಸಾ ಹತ್ತಿ ಬರ್ಲಿಲ್ಲಂದ್ರ ಸೆಲ್ಲು ತನ್ನ ಹಳೇ ಹತ್ತಿ ತಾನ ಹಿಂಜ್ಕೊಂತೈತಿ.” ಅಂದು ಡಾಕ್ಟರೊಬ್ಬರು ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದೇ ನಿಂತು ಕೇಳಿದ್ದರು. ಜೀವನದಲ್ಲಿ ಮೊದಲ ಸಲ ಒಬ್ಬ ಡಾಕ್ಟರು ತನ್ನ ಮಾತಿಗೆ ತಲೆದೂಗಿದ್ದನ್ನು ಕಂಡ ಮಜೀದನಿಗೆ ಆಮೇಲೆ ಮಾತು ನಿಲ್ಲಿಸಲಾಗಲಿಲ್ಲ. ಮೂಗಿನ ಮೇಲಿನ ನರಹುಲಿ ರಂಜಾನಿನಲ್ಲಿ ಕರಗಿದ್ದು, ಹುಲಕೋಟಿಯ ಮುದುಕನೊಬ್ಬನ ಸೆಲ್ಲುಗಳು ಹಸಿವು ತಾಳದೆ ಅವನ ಬಂಗಾರದ ಹಲ್ಲನ್ನೇ ತಿಂದು ಹಬ್ಬದ ದಿನ ಅದೇ ಜಾಗದಲ್ಲಿ ಹಾಲುಹಲ್ಲು ಮೂಡಿದ್ದು, ಎಲ್ಲ ಅದರ ಹಿಂದೆ ಬಂದವು. ಜನ ನಗುತ್ತಿದ್ದರು, ನಂಬುತ್ತಲೂ ಇದ್ದರು, ಎರಡೂ ಒಟ್ಟಿಗೆ ಆಗುವುದೇ ಅವನಿಗೆ ಇಷ್ಟ. ಆಟೋಫೇಜಿ ಮಜೀದ್ ಎಂದು ಹೆಸರು ಬಿತ್ತು. ಸೋಫಾ ಮಜೀದ್ ಎನ್ನಿಸಿಕೊಂಡು ಇದ್ದವನಿಗೆ ಅದು ಬಡ್ತಿ.

ಫೋನು ಹೊಡೆದುಕೊಂಡಾಗ ಬಾಯಿತುಂಬ ಪೈ. ಕನ್ನಡ ಸಂಘದ ವಾಸುದೇವ್. ಎತ್ತದಿದ್ದರೆ ಮತ್ತೆ ಮತ್ತೆ ಮಾಡುವ ಮನುಷ್ಯ.

“ಮಜೀದ್ ಭಾಯ್, ಸಂಜೆ ಮರೆತಿಲ್ಲ ತಾನೆ? ನಮ್ ಸಂಘದ ಮೊದಲನೇ ಇಫ್ತಾರು. ಹಾಲ್ ಫುಲ್ ಆಗತ್ತೆ.”

“ಹ್ಞೂಂ... ನೆಪ್ಪೈತ್ರಿ.”

“ಏನಿದು ಮಾತು ಹೀಗ್ ಬರ್ತಿದೆ? ಬಾಯಲ್ಲೇನಿಟ್ಕೊಂಡಿದ್ದೀರಾ?”

“ಮೊಳಿ ಅದಾವ್ರಿ, ಮೊಳಿ. ಸೋಫಾಕ್ಕ ಹೊಡ್ಯಾಕತ್ತೀನಿ.”

“ಅಯ್ಯೋ, ಹುಷಾರು! ನುಂಗ್ಬಿಟ್ರೆ ರೋಜಾ ಮುರಿಯತ್ತಲ್ವಾ?”

ಮಜೀದ್ ಮೇಲ್ಚಾವಣಿ ನೋಡಿದ. “ಮೊಳಿ ನುಂಗಿದ್ರ ರೋಜಾ ಅಲ್ರಿ, ನಾನ ಮುರೀತೀನಿ,” ಎಂದ. ವಾಸುದೇವ್ ಅತ್ತ ಬಿದ್ದು ಬಿದ್ದು ನಕ್ಕು, ನೀವು ಸೂರ್ಯ ಮುಳುಗುವುದಕ್ಕೆ ಮುಂಚೆ ಸ್ವಲ್ಪ ಹೊತ್ತು ಆಟೋಫೇಜಿ ಬಗ್ಗೆ ಮಾತಾಡಬೇಕು, ನಿಮಗಿಂತ ಮೊದಲು ಪ್ರಭಾ ಮೇಡಂ ಸೈನ್ಸ್ ಹೇಳುತ್ತಾರೆ ಎಂದ. ಪ್ರಭಾ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಸೆಲ್ಲುಗಳನ್ನೇ ಜೀವನ ಮಾಡಿಕೊಂಡವಳು, ಮೈಸೂರಿನಿಂದ ಓದಲು ಬಂದು ಇಲ್ಲೇ ಉಳಿದವಳು. ಅವಳ ಮನೆಯ ಸೋಫಾ ರಿಪೇರಿಗೆ ಹೋಗಿದ್ದಾಗ ಮಜೀದ್ ಬೇಕಂತಲೇ ಅವಳಿಲ್ಲದ ಹೊತ್ತು ನೋಡಿ, ಅವಳ ತಾಯಿ ಶಾಂತಮ್ಮನ ಮುಂದೆ ಗಾದಿಯ ವ್ಯಾಖ್ಯಾನ ಬಿಚ್ಚಿದ್ದ. ಮಗಳು ಹತ್ತು ವರ್ಷದಿಂದ ಏನು ಕೆಲಸ ಮಾಡ್ತಾಳೋ ಇವತ್ತು ಗೊತ್ತಾಯ್ತು ನೋಡಪ್ಪಾ ಎಂದು ಆ ಹೆಂಗಸು ಇನ್ನೊಂದು ಲೋಟ ಕಾಫಿ ಕೊಟ್ಟಿದ್ದಳು. ಈಗ ಅದೇ ಮಗಳ ಪಕ್ಕ ನಿಂತು ಅದೇ ಮಾತು ಆಡಬೇಕು, ಹೊಟ್ಟೆಯಲ್ಲಿ ಪೈ ಇಟ್ಟುಕೊಂಡು. ಅವನು ಕೊನೆಯ ತುತ್ತನ್ನು ಸೀಗಲ್‌ಗೆ ಎಸೆದ. ಅದು ಮೂಸಿ ನೋಡಿ ಬಿಟ್ಟು ಹಾರಿಹೋಯಿತು.

ಸಕ್ಕರೆ ಕಾಯಿಲೆ ಇರುವುದು ಮನೆಯಲ್ಲಿ ಗೊತ್ತಿತ್ತು. ಈ ಬೇಸಿಗೆಯಲ್ಲಿ ಅದು ಮಾತ್ರೆಯಿಂದ ಇಂಜೆಕ್ಷನ್ನಿಗೆ ದಾಟಿದ್ದು ಗೊತ್ತಿರಲಿಲ್ಲ. “ನೋ ಫಾಸ್ಟಿಂಗ್ ದಿಸ್ ಇಯರ್, ಮಜೀದ್,” ಎಂದು ಡಾಕ್ಟರಮ್ಮ ಹೇಳಿದಾಗ ಅವನು ತಲೆ ಅಲ್ಲಾಡಿಸಿ, ಹೊರಗೆ ಬಂದು ಕಾರಿಡಾರಿನಲ್ಲಿ ನಿಂತು, ಜನರಿಗೆ ಏನು ಹೇಳುವುದು ಎಂದು ಯೋಚಿಸಿದ್ದ. ಹಲ್ಲು ತಿಂದ ಸೆಲ್ಲುಗಳು ಸಕ್ಕರೆಗೆ ಹೆದರಿದವು ಎನ್ನಬೇಕೇ? ಸೂಜಿಯ ಪೆನ್ನನ್ನು ವರ್ಕ್‌ಶಾಪಿನ ಪುಟ್ಟ ಫ್ರಿಜ್ಜಿನಲ್ಲಿ, ಅಂಟಿನ ಡಬ್ಬಿಯ ಹಿಂದೆ ಇಟ್ಟ. ರಂಜಾನಿನ ಮೊದಲ ದಿನ ಹಠಕ್ಕೆ ಬಿದ್ದು ಸೂಜಿಯನ್ನೂ ಚುಚ್ಚಿಕೊಂಡು ರೋಜಾವನ್ನೂ ಹಿಡಿದ. ಮಧ್ಯಾಹ್ನದ ಹೊತ್ತಿಗೆ ರಕ್ತದ ಸಕ್ಕರೆ ತೀರಾ ಇಳಿದು ಮೈ ಬೆವತು, ಕೈ ನಡುಗಿ, ಕಾರಣವೇ ಇಲ್ಲದೆ ನಗು ಬಂದು, ತಲೆಕೆಳಗಾಗಿ ಇಟ್ಟಿದ್ದ ಸೋಫಾದ ಪಕ್ಕದಲ್ಲಿ ತಾನೂ ಅಂಗಾತ ಬಿದ್ದಿದ್ದ. ಕಣ್ಣ ಮುಂದೆ ಸ್ಪ್ರಿಂಗುಗಳು, ಒಂದೊಂದೂ ಎರಡೆರಡಾಗಿ ಕಾಣುತ್ತಿದ್ದವು. ಸೋಫಾದ ಯಜಮಾನತಿ, ಒಬ್ಬ ಬಿಳಿಯ ಮುದುಕಿ, ಅದೇ ಹೊತ್ತಿಗೆ ಒಳಗೆ ಬಂದು, ಇವನು ಸ್ಪ್ರಿಂಗ್ ಪರೀಕ್ಷೆ ಮಾಡುತ್ತಿದ್ದಾನೆಂದುಕೊಂಡು, “ಟೇಕ್ ಯುವರ್ ಟೈಮ್, ಲವ್,” ಎಂದು ಬೆಂಚಿನ ಮೇಲೆ ತನ್ನ ಕಾಫಿ ಮರೆತು ಹೋಗಿಬಿಟ್ಟಳು. ಮಜೀದ್ ತೆವಳಿಕೊಂಡು ಹೋಗಿ ಆ ಎಂಜಲು ಕಾಫಿ ಕುಡಿದ. ಪುಣ್ಯಾತಗಿತ್ತಿ ಸಕ್ಕರೆ ಸುರಿದುಕೊಂಡಿದ್ದಳು. ಜೀವ ಬಂದ ಮೇಲೆ ಮೊದಲು ಮಾಡಿದ ಕೆಲಸ, ಯಾರಾದರೂ ನೋಡಿದರೇ ಎಂದು ಬಾಗಿಲಾಚೆ ಇಣುಕಿದ್ದು.

ಮನೆಯಲ್ಲಿ ಹೆಂಡತಿ ಜೈನಬ್ ಇಫ್ತಾರಿಗೆ ಒಯ್ಯಲು ಮಿರ್ಚಿ ಬಜಿ ಕರಿಯುತ್ತಿದ್ದಳು. ಬೆಳಗಿನಿಂದ ನೀರೂ ಕುಡಿಯದವಳು, ಎಣ್ಣೆಯ ಬಾಣಲೆಯ ಮುಂದೆ ನಿಂತು, ಒಂದು ಸಲವೂ ನಾಲಿಗೆಗೆ ತಾಗಿಸದೆ ಉಪ್ಪು ಸರಿಯಾಗಿ ಹಾಕುವವಳು. ಅವಳ ತುಟಿ ಒಣಗಿತ್ತು. ಮಜೀದ್ ಅಡುಗೆಮನೆಯ ಬಾಗಿಲಲ್ಲೇ ನಿಂತ. ಹತ್ತಿರ ಹೋದರೆ ಏನು ಹೇಳುತ್ತಾಳೋ ಎಂಬ ಅಂಜಿಕೆ. ಅವಳೇ ಬಂದು ಅವನ ಕೊರಳುಪಟ್ಟಿ ಸರಿಮಾಡುತ್ತ ಮೂಗು ಏರಿಸಿದಳು.

“ಅಲ್ರಿ, ರೋಜಾದಾಗ ಎಲ್ಲಾರ ಬಾಯೂ ನಾರತಾವ. ನಂದು ನನಗ ತಡ್ಯಂಗಿಲ್ಲ. ನಿಮ್ದೊಂದು ನಾರೂದ ಇಲ್ಲಲ್ಲ?”

“ಆಟೋಫೇಜಿ,” ಎಂದ ಮಜೀದ್. “ಸೆಲ್ಲು ವಾಸನೀನೂ ತಿಂತಾವ.”

“ಹೌದಾ? ನನ್ನ ಸೆಲ್ಲಿಗೇನು ನೆಗಡಿ ಆಗೇತೇನು?”

ಮಗಳು ಸನಾ ಫೋನಿನಿಂದ ತಲೆ ಎತ್ತದೆ, “ಅಬ್ಬಾ, ಪ್ಲೀಸ್, ಟುನೈಟ್ ಡೋಂಟ್ ಡೂ ದ ಗೋಲ್ಡ್ ಟೂತ್ ಸ್ಟೋರಿ,” ಎಂದಳು. ಕನ್ನಡ ಎಲ್ಲ ತಿಳಿಯುತ್ತದೆ ಅವಳಿಗೆ, ನಾಚಿಕೆಪಡುವಷ್ಟು ತಿಳಿಯುತ್ತದೆ. ಜೈನಬ್ ಬಾಣಲೆಗೆ ಹಿಂದಿರುಗಿದಳು. ಅವಳ ಬೆನ್ನು ಏನೋ ಲೆಕ್ಕ ಹಾಕುತ್ತಿದೆ ಎಂದು ಮಜೀದನಿಗೆ ಅನ್ನಿಸಿತು. ಮದುವೆಯಾದ ಹೊಸತರಲ್ಲಿ, ತಾನು ಹಾವನ್ನು ಹಲ್ಲಿನಿಂದ ಕಚ್ಚಿ ಕೊಂದಿದ್ದೆ ಎಂದು ಅವನು ಕೊಚ್ಚಿಕೊಂಡಾಗಲೂ ಇದೇ ಬೆನ್ನು ಹೀಗೇ ಸುಮ್ಮನಿತ್ತು. ಆಮೇಲೆ ರಾತ್ರಿ ದೀಪ ಆರಿಸುವಾಗ ಕೇಳಿದ್ದಳು, ಯಾವ ಕಡೆಯ ಹಲ್ಲಿನಿಂದ?

ಸಂಜೆ ಸಂಘದ ಹಾಲಿನಲ್ಲಿ ಉದ್ದುದ್ದ ಮೇಜು, ಮೇಜಿನ ತುಂಬ ಖರ್ಜೂರ, ಕಲ್ಲಂಗಡಿ, ಗುಲಾಬಿ ಶರಬತ್ತಿನ ಜಗ್ಗು. ಬೆಂಗಳೂರಿನವರು, ದಾವಣಗೆರೆಯವರು, ರೋಜಾ ಇದ್ದವರು, ಇಲ್ಲದವರು, ಎಲ್ಲರೂ ಸೂರ್ಯನನ್ನು ಕಾಯುತ್ತಿದ್ದರು. ಇಲ್ಲಿಯ ಮಾರ್ಚ್ ಸೂರ್ಯನಿಗೆ ಮುಳುಗುವ ಅವಸರವೇ ಇಲ್ಲ, ಕಿಟಕಿಯಲ್ಲಿ ಕೂತು ಊಟದ ತಯಾರಿ ನೋಡುತ್ತಿದ್ದ. ಶಾಂತಮ್ಮ ಮೊದಲ ಸಾಲಿನ ಕುರ್ಚಿಯಿಂದ ಕೈ ಬೀಸಿ ಕರೆದಳು. ರೇಷ್ಮೆ ಸೀರೆ, ಕಾಲಿಗೆ ಸ್ನೀಕರ್. ಮಗಳು ಅತ್ತ ಪ್ರೊಜೆಕ್ಟರಿನ ವೈರು ಎಳೆಯುತ್ತಿದ್ದುದನ್ನು ನೋಡಿಕೊಂಡು ಪಿಸುಗುಟ್ಟಿದಳು.

“ಮಜೀದಪ್ಪಾ, ನಾನೂ ಇವತ್ತು ರೋಜಾ ಹಿಡಿದಿದ್ದೀನಿ ಕಣಪ್ಪಾ. ಬೆಳಿಗ್ಗೆಯಿಂದ ಒಂದ್ ಹನಿ ನೀರಿಲ್ಲ. ಪ್ರಭಂಗೆ ಹೇಳ್ಬೇಡ, ಬೈತಾಳೆ.”

“ಯಾಕ್ರೀ ಅಮ್ಮಾರ? ನಿಮಗ ಶುಗರ್ ಐತೆಲ್ಲ?”

“ಅದಕ್ಕೇ ತಾನೆ! ನೀನೇ ಹೇಳಿದ್ಯಲ್ಲ, ಒಳಗಿರೋ ಹಳೇ ಗಂಟೆಲ್ಲ ಹಿಂಜಿ ಹಾಕತ್ತೆ ಅಂತ. ಏಕಾದಶಿ ಮಾಡಿ ಮಾಡಿ ಪಳಗಿರೋ ಹೊಟ್ಟೆ ಇದು, ಏನೂ ಆಗಲ್ಲ. ಮಾತ್ರೆ ಮಾತ್ರ ಬಿಟ್ಟಿಲ್ಲ, ಬೆಳಿಗ್ಗೆದೂ ತಗೊಂಡೆ, ಮಧ್ಯಾಹ್ನದ್ದೂ ತಗೊಂಡೆ. ಮಾತ್ರೆ ಊಟ ಅಲ್ವಲ್ಲ?”

ಅವಳ ಹಣೆಯ ಮೇಲೆ ಬೆವರು ಕಾಳುಕಾಳಾಗಿ ನಿಂತಿತ್ತು, ಹಾಲಿನಲ್ಲಿ ಏಸಿ ಓಡುತ್ತಿದ್ದರೂ. ಊಟವಿಲ್ಲದೆ ಔಷಧಿ ತಗೊಂಡರೆ ಏನಾಗುತ್ತದೆ ಎನ್ನುವುದು ಈ ಹಾಲಿನಲ್ಲಿ ಮಜೀದನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗಲೇ ಏನಾದರೂ ತಿನ್ನಿ ಎನ್ನಬೇಕು. ಯಾಕೆ ಎನ್ನುತ್ತಾಳೆ. ನಿನಗೆ ಹೇಗೆ ಗೊತ್ತು ಎನ್ನುತ್ತಾಳೆ. ಜೋರಾಗಿ ಕೇಳುತ್ತಾಳೆ, ಮೆಲ್ಲಗೆ ಕೇಳುವ ಹೆಂಗಸಲ್ಲ. ಹಿಂದಿನ ಸಾಲಿನಲ್ಲಿ ಮಸೀದಿಯ ಡಾಕ್ಟರು, ಅವರ ಪಕ್ಕ ಜೈನಬ್. ಮಜೀದ್ ಕಿಟಕಿಯತ್ತ ನೋಡಿ, ಇನ್ನೇನು ರೋಜಾ ಬಿಡುವ ಬಾಂಗ್ ಆಗಿಯೇಬಿಡುತ್ತದೆ ಎಂದುಕೊಂಡ. ಆದಷ್ಟು ಬೇಗ ಆಗಲಿ ಎಂದು ಪ್ರಾರ್ಥನೆಯನ್ನೂ ಮಾಡಿದ, ಸೂರ್ಯನನ್ನು ಮುಂದಕ್ಕೆ ತಳ್ಳುವ ಕೆಲಸವನ್ನು ಮೇಲಿನವನಿಗೆ ವಹಿಸಿ, “ಹುಷಾರ್ರಿ ಅಮ್ಮಾರ,” ಎಂದಷ್ಟೇ ಹೇಳಿ ವೇದಿಕೆಯ ಕಡೆ ನಡೆದ. ಆ ನಾಲ್ಕು ಹೆಜ್ಜೆ ನಡೆಯುವಾಗ ತನ್ನ ಬೂಟು ಯಾಕೆ ಇಷ್ಟು ಸದ್ದು ಮಾಡುತ್ತಿದೆ ಎನ್ನಿಸಿತು.

ಪ್ರಭಾ ಚೆನ್ನಾಗಿಯೇ ಮಾತಾಡಿದಳು, ಅದೇ ತೊಂದರೆ. ಆಟೋಫೇಜಿ ಅಂದರೆ ತನ್ನನ್ನು ತಾನೇ ತಿನ್ನುವುದು, ಕನ್ನಡದಲ್ಲಿ ಬೇಕಾದರೆ ಸ್ವಭಕ್ಷಣೆ ಎನ್ನಬಹುದು ಎಂದಳು. ಮಜೀದನಿಗೆ ಆ ಹೆಸರು ಹಿಡಿಸಲಿಲ್ಲ, ಯಾವುದೋ ರಕ್ಕಸ ಮಾಡುವ ಕೆಲಸದ ಹಾಗಿತ್ತು. ಸೆಲ್ಲು ತನ್ನೊಳಗೆ ಮುರಿದುಬಿದ್ದದ್ದನ್ನು ಒಂದು ಚೀಲದಲ್ಲಿ ಸುತ್ತುತ್ತದೆ, ಆ ಚೀಲ ಅರೆಯುವ ಕೋಣೆಗೆ ಹೋಗುತ್ತದೆ, ಅಲ್ಲಿ ಚೂರಾದದ್ದು ಮತ್ತೆ ಬಳಕೆಗೆ ಬರುತ್ತದೆ. ಇಷ್ಟು ಸರಿ, ಗಾದಿಯೇ. ಆದರೆ ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ನೊಬೆಲ್ ಕೊಟ್ಟದ್ದು ಉಪವಾಸಕ್ಕಲ್ಲ, ಈ ಕೆಲಸ ನಡೆಯುವ ಬಗೆಯನ್ನು ಯೀಸ್ಟಿನಲ್ಲಿ ಕಂಡುಹಿಡಿದದ್ದಕ್ಕೆ ಎಂದಳು. ಹಸಿವಾದಾಗ ಅದು ಜೋರಾಗುವುದನ್ನು ಯೀಸ್ಟಿನಲ್ಲಿ, ಇಲಿಯಲ್ಲಿ ನೋಡಿದ್ದೇವೆ, ಮನುಷ್ಯ ಒಂದು ಹಗಲು ಊಟ ಬಿಟ್ಟರೆ ಅವನೊಳಗೆ ಎಷ್ಟು ಜೋರಾಗುತ್ತದೆ ಎಂದು ಅಳೆದು ಹೇಳುವುದು ಕಷ್ಟ ಎಂದಳು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಯೀಸ್ಟಿಗೆ ಯಾರು ಜೋರಾಗಿ ಚಪ್ಪಾಳೆ ಹೊಡೆಯುತ್ತಾರೆ? ಮಜೀದ್ ಮೈಕು ಹಿಡಿದದ್ದೇ, “ಮೇಡಂನೋರು ಲ್ಯಾಬಿಂದು ಹೇಳಿದ್ರು, ನಾ ಗದಗಿಂದು ಹೇಳ್ತೀನಿ,” ಎಂದ. ಸಭೆ ಹೋ ಎಂದಿತು. ಆ ಹೋ ಅವನ ಬೆನ್ನುಮೂಳೆಯಲ್ಲಿ ಬಿಸಿಯಾಗಿ ಇಳಿಯಿತು. ಬಾಯಿಯಲ್ಲೇ ಬಿಲ್ಲಿನ ಟಂಯ್ ಟಂಯ್ ಮಾಡಿದ, ಹತ್ತಿ ಹಾರಿಸಿದ, ಮಗಳ ಮುಖ ನೋಡದೆ ಹುಲಕೋಟಿಯ ಮುದುಕನನ್ನೂ ಕರೆತಂದ. ಎಲ್ಲರೂ ನಗುತ್ತಿದ್ದರು. ಶಾಂತಮ್ಮನೂ ನಗುತ್ತಿದ್ದಳು. ಎಲ್ಲರೂ ನಗು ನಿಲ್ಲಿಸಿದ ಮೇಲೂ ಅವಳು ನಗುತ್ತಿದ್ದಳು. ಹಲ್ಲಿನ ಮಾತು ಮುಗಿದಿತ್ತು, ನಗುವುದಕ್ಕೆ ಏನೂ ಉಳಿದಿರಲಿಲ್ಲ, ಅವಳ ತಲೆ ಪಕ್ಕಕ್ಕೆ ವಾಲುತ್ತಿತ್ತು, ಕೈ ಸೆರಗನ್ನು ಹುಡುಕಿ ಹುಡುಕಿ ಗಾಳಿಯನ್ನು ಹಿಡಿಯುತ್ತಿತ್ತು. ಆ ನಗುವನ್ನು ಮಜೀದ್ ಬಲ್ಲ. ಸ್ಪ್ರಿಂಗುಗಳ ಕೆಳಗೆ ಮಲಗಿ ತಾನೂ ಅದನ್ನೇ ನಕ್ಕಿದ್ದ. ಅವನ ಬಾಯಿ ಮುಂದಿನ ವಾಕ್ಯವನ್ನು ತಾನಾಗಿಯೇ ಶುರುಮಾಡಿತ್ತು, ಹಬ್ಬದ ದಿನ ಆ ಮುದುಕ ಕನ್ನಡಿ ನೋಡಿದಾಗ, ಎಂದು. ಕನ್ನಡಿಯವರೆಗೆ ಬಂದು ನಿಂತ.

ಮೈಕನ್ನು ಇಟ್ಟನೋ ಬಿಟ್ಟನೋ, ಅದು ಕೆಳಗೆ ಬಿದ್ದು ಕೀ ಎಂದಿತು. ವೇದಿಕೆಯಿಂದ ಜಿಗಿದು ಮೇಜಿನ ಮೇಲಿನ ಶರಬತ್ತಿನ ಲೋಟ ಹಿಡಿದು ಅವಳ ಮುಂದೆ ಕೂತ. “ಅಮ್ಮಾರ, ಕುಡೀರಿ. ಲಗೂನ ಕುಡೀರಿ.”

ಅವಳು ಲೋಟವನ್ನು ತಳ್ಳಿದಳು. ಅರ್ಧ ಅವನ ಬಿಳಿ ಅಂಗಿಯ ಮೇಲೆ ಚೆಲ್ಲಿತು. “ಇನ್ನೂ... ಹೊತ್ತಾಗಿಲ್ಲ. ಮೋಸ ಮಾಡ್ತೀಯಾ? ಎಲ್ಲಾರೂ ಕಾಯ್ತಿದ್ದಾರೆ.” ನಾಲಿಗೆ ತೊದಲುತ್ತಿತ್ತು, ಹಠ ತೊದಲುತ್ತಿರಲಿಲ್ಲ.

ಪ್ರಭಾ ಓಡಿಬಂದು, “ಅಮ್ಮಾ, ಬಾಯಿ ತೆಗಿ! ಏನಾಯ್ತು? ಮಧ್ಯಾಹ್ನ ಊಟ ಮಾಡ್ಲಿಲ್ವಾ?” ಎಂದಳು. ಶಾಂತಮ್ಮ ಹಲ್ಲು ಕಚ್ಚಿಕೊಂಡು ಮುಖ ತಿರುಗಿಸಿದಳು. ಕಣ್ಣು ಮಾತ್ರ ಮಜೀದನ ಮೇಲಿತ್ತು, ಅಲ್ಲಿಯೂ ಇಲ್ಲದ ಇಲ್ಲಿಯೂ ಇಲ್ಲದ ಕಣ್ಣು. “ಇವನು ತಿನ್ಲಿ,” ಎಂದಳು. “ಇವನೇ ಹೇಳಿದ್ದು. ಮೊದ್ಲು ಇವನು ತಿನ್ಲಿ.”

ಗೋಡೆಯಾಚೆ ರೈಲು ಹೋದದ್ದು ಕೇಳಿಸಿತು. ಕಿಟಕಿಯಲ್ಲಿ ಸೂರ್ಯ ಇನ್ನೂ ಇದ್ದ, ಬೇಕಂತಲೇ ಇದ್ದ. ಮಜೀದ್ ತಟ್ಟೆಯಿಂದ ಒಂದು ಖರ್ಜೂರ ಎತ್ತಿಕೊಂಡ. ಎಲ್ಲರಿಗೂ ಕಾಣುವ ಹಾಗೆ ಬಾಯಿಗೆ ಹಾಕಿಕೊಂಡು, ಅಗಿದು, ಬೀಜವನ್ನು ಅಂಗೈಗೆ ಉಗುಳಿ ಅವಳಿಗೆ ತೋರಿಸಿದ. “ನೋಡ್ರಿ. ತಿಂದೆ. ಈಗ ನೀವು.” ಅವಳು ಬೀಜವನ್ನು ನೋಡಿದಳು, ಅವನ ಬಾಯಿಯನ್ನು ನೋಡಿದಳು, ಮಗುವಿನ ಹಾಗೆ ತುಟಿ ತೆರೆದಳು. ಪ್ರಭಾ ಶರಬತ್ತು ಹನಿ ಹನಿಯಾಗಿ ಹಾಕಿದಳು. ಒಂದು ಲೋಟ ಮುಗಿಯಿತು, ಇನ್ನೊಂದು ಅರ್ಧ. ಡಾಕ್ಟರು ಬಂದು ನಾಡಿ ಹಿಡಿದು ಪಕ್ಕದಲ್ಲಿ ಕೂತರು. ನಿಧಾನವಾಗಿ ಶಾಂತಮ್ಮನ ಕಣ್ಣುಗಳು ಎಲ್ಲಿಂದಲೋ ನಡೆದುಬಂದು ತಮ್ಮ ಜಾಗದಲ್ಲಿ ಕೂತವು. ತನ್ನ ಸೀರೆಯ ಮೇಲಿನ ಕೆಂಪು ಕಲೆ ನೋಡಿ, “ಅಯ್ಯೋ, ಯಾರು ಚೆಲ್ಲಿದ್ದು? ಇದು ಮೈಸೂರ್ ಸಿಲ್ಕು!” ಎಂದಳು. ಆಗ ಎಲ್ಲರಿಗೂ ಉಸಿರು ಬಂತು.

ಉಸಿರು ಬಂದದ್ದೇ ಎಲ್ಲ ಕಣ್ಣುಗಳೂ ಮಜೀದನ ಕಡೆ ತಿರುಗಿದವು. ಅವನು ಬೀಜವನ್ನು ಮುಷ್ಟಿಯಲ್ಲಿ ಹಿಡಿದೇ ಎದ್ದು ನಿಂತ. ಇನ್ನು ಅಡಗಲು ಯೂಟ್ ಇಲ್ಲ.

“ನಾ ರೋಜಾ ಹಿಡ್ದಿಲ್ರಿ,” ಎಂದ. ಮಾತು ತೊದಲಿತು, ಮತ್ತೆ ಹೇಳಿದ. “ನನಗ ಇಂಜೆಕ್ಷನ್ ಅದಾವ. ನಾ ದಿನಾ ಮಧ್ಯಾಹ್ನ ತಿಂತೀನಿ. ಗಾಡ್ಯಾಗ ಮಕ್ಕೊಂಡು ಪೈ ತಿಂತೀನಿ. ಇವತ್ತೂ ತಿಂದೀನಿ.”

ವಾಸುದೇವ್ ಕಣ್ಣೊರೆಸಿಕೊಳ್ಳುತ್ತ ಎರಡೂ ಕೈ ಎತ್ತಿದ. “ನೋಡ್ರಪ್ಪಾ, ನೋಡ್ರಿ ಈ ಮನುಷ್ಯನ್ನ! ಮೊಳೆ ಬಾಯಲ್ಲಿಟ್ಕೊಂಡು ಕೆಲಸ ಮಾಡ್ತಿದ್ರು ಮಧ್ಯಾಹ್ನ, ನಾನೇ ಸಾಕ್ಷಿ. ಆ ತಾಯಿಗೆ ಸಂಕೋಚ ಆಗ್ಬಾರ್ದು ಅಂತ ಕಥೆ ಕಟ್ತಿದ್ದಾರೆ. ಮಲಗಿಕೊಂಡು ಪೈ ಅಂತೆ!” ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮಲ್ಕೊಂಡು ಪೈ ತಿಂದದ್ದು ಬಂಗಾರದ ಹಲ್ಲಿಗಿಂತ ಚೆನ್ನಾಗಿತ್ತು. “ಅಲ್ರಿ, ಖರೇನ! ತರಕಾರಿ ಪೈರಿ!” ಎಂದು ಮಜೀದ್ ಕೂಗಿದ. ತರಕಾರಿಯದು ಎಂದದ್ದಕ್ಕೆ ಇನ್ನಷ್ಟು ನಕ್ಕರು. ಅಷ್ಟರಲ್ಲಿ ಯಾರದೋ ಫೋನಿನಲ್ಲಿ ಬಾಂಗ್ ಆಯಿತು, ಕೈಗಳು ಖರ್ಜೂರಕ್ಕೆ ಹೋದವು. ದಾವಣಗೆರೆಯ ಒಬ್ಬಾತ ಬಂದು ಮಜೀದನ ಕೈಯನ್ನು ಕಣ್ಣಿಗೊತ್ತಿಕೊಂಡ. ಇನ್ನೊಬ್ಬ ತನ್ನ ಕೂಸನ್ನು ಮುಂದೆ ಹಿಡಿದು, “ಚಾಚಾ, ಒಂದ್ಸಲ ದುವಾ ಮಾಡಿ ಊದಿ ಬಿಡ್ರಿ, ರಾತ್ರಿ ಮಲಗಲ್ಲ ಇದು,” ಎಂದ. ಪೈ ತಿಂದ ಬಾಯಿಯಿಂದ ಊದಲೇ ಎಂದು ಮಜೀದ್ ಕೇಳಿದ. ಆ ತಂದೆ ಭಕ್ತಿಯಿಂದ ನಕ್ಕು ಕೂಸನ್ನು ಇನ್ನೂ ಹತ್ತಿರ ತಂದ. ಕೂಸು ಅವನ ಗಡ್ಡ ಹಿಡಿದು ಎಳೆಯಿತು. ಆ ಹಾಲಿನಲ್ಲಿ ಸರಿಯಾದ ತೀರ್ಪು ಕೊಟ್ಟದ್ದು ಅದೊಂದೇ ಅನ್ನಿಸಿತು ಅವನಿಗೆ. ಜೀವಮಾನವೆಲ್ಲ ಹೇಳಿದ ಸುಳ್ಳುಗಳನ್ನು ಕೈಚಾಚಿ ತಗೊಂಡವರು ಒಂದು ನಿಜ ಹೇಳಿದರೆ ಬೇಡವೆನ್ನುತ್ತಿದ್ದರು.

ಪ್ರಭಾ ತಾಯಿಯನ್ನು ಕಾರಿಗೆ ಹತ್ತಿಸುವ ಮುಂಚೆ ಅವನ ಬಳಿ ಬಂದಳು. ಅವಳು ನಗುತ್ತಿರಲಿಲ್ಲ.

“ಅಂಕಲ್, ಯಾವ ಇನ್ಸುಲಿನ್ ತಗೋತಿದ್ದೀರಾ?”

ಅವನು ಹೆಸರು ಹೇಳಿದ. ಅವಳು ತಲೆಯಾಡಿಸಿದಳು. ನಂಬುವವರು ಹೀಗೆ ಪ್ರಶ್ನೆ ಕೇಳುತ್ತಾರೆ ಎಂದು ಅವನಿಗೆ ಆಗ ಹೊಳೆಯಿತು.

“ಅಮ್ಮ ಹೇಳಿದ್ರು,” ಎಂದಳು ಅವಳು, “ಉಪವಾಸ ಇದ್ದೀನಿ ಅಂತ ನೀವು ಸ್ಟೇಜಿಗೆ ಹೋಗೋ ಮುಂಚೇನೇ ನಿಮಗೆ ಹೇಳಿದ್ರಂತೆ.”

ಬೈಯುತ್ತಾಳೆಂದು ಮಜೀದ್ ಕಾದ. ಅವಳು ಬೈಯಲಿಲ್ಲ. ಕೊನೆಗೆ ಅವನು, ಕೇಳಬೇಕಾದ್ದು ಕ್ಷಮೆ ಎಂದು ಗೊತ್ತಿದ್ದರೂ, ಬೇರೆಯದೇ ಕೇಳಿದ. “ಪ್ರಭಮ್ಮ, ತಿಂದಾಂವನ ಒಳಗೂ ನಡೀತೈತೇನ್ರಿ ಅದು? ಆಟೋಫೇಜಿ?”

“ನಡೀತಾನೇ ಇರತ್ತೆ ಅಂಕಲ್. ಎಲ್ಲರಲ್ಲೂ, ಯಾವಾಗ್ಲೂ. ಸ್ವಲ್ಪ ನಿಧಾನ, ಅಷ್ಟೇ. ನಿಲ್ಲೋದು ಅಂತ ಇಲ್ಲ.” ಕಾರಿನ ಬಾಗಿಲು ತೆಗೆದವಳು ತಿರುಗಿ ಹೇಳಿದಳು, “ಅದನ್ನ ಯಾರೂ ಉಪವಾಸ ಮಾಡಿ ಗಳಿಸಬೇಕಾಗಿಲ್ಲ.”

ಅವನಿಗೆ ಸಮಾಧಾನವಾಯಿತು, ಜೊತೆಗೆ ಸಣ್ಣ ಸಿಟ್ಟೂ ಬಂತು. ಸಿಕ್ಕಸಿಕ್ಕವರ ಒಳಗೆಲ್ಲ, ಹೊಟ್ಟೆ ತುಂಬಿದ ವಾಸುದೇವ್‌ನ ಒಳಗೂ ನಡೆಯುವುದಾದರೆ ಇಷ್ಟು ವರ್ಷ ತಾನು ಅದನ್ನು ತನ್ನ ಸ್ವಂತದ್ದೆಂದು ಹೊತ್ತು ತಿರುಗಿದ್ದು ಯಾಕೆ?

ಮನೆಗೆ ಹೋಗುವಾಗ ಯೂಟ್ ಓಡಿಸಿದವಳು ಜೈನಬ್. ಸನಾ ಗೆಳತಿಯರ ಜೊತೆ ಬರುವವಳಿದ್ದಳು. ಗ್ರೇಟ್ ನಾರ್ತ್ ರೋಡಿನ ಸಿಗ್ನಲ್ಲುಗಳು ಒಂದೊಂದಾಗಿ ಕೆಂಪಾಗಿ ಅವರನ್ನು ನಿಲ್ಲಿಸಿದವು. ಮೂರನೆಯದಕ್ಕೆ ಅವಳು ಬಾಯಿ ತೆರೆದಳು.

“ಸೂಜಿ ಯಾವಾಗಿಂದ?”

“ನಂಬಿದಿ ಏನ?”

“ಇಪ್ಪತ್ತಾರು ವರ್ಷ ಬಾಳೇ ಮಾಡೀನಿ. ನೀವು ಸುಳ್ಳು ಹೇಳುವಾಗ ಛಂದ ಹೇಳ್ತೀರಿ. ಇವತ್ತು ತೊದಲಿದ್ರಿ.” ಹಸಿರಾಯಿತು, ಅವಳು ಹೊರಡಲಿಲ್ಲ. ಹಿಂದಿನವನು ಹಾರ್ನ್ ಹೊಡೆದ. “ಪೈ ತಿಂದಿದ್ದಕ್ಕ ನನಗೇನಿಲ್ರಿ. ನನಗ್ಯಾಕ ಹೇಳ್ಲಿಲ್ಲ? ಬಿದ್ದು ಸತ್ತಿದ್ರ ನಾ ಏನಂತ ತಿಳ್ಕೊಬೇಕಿತ್ತು? ಆಟೋಫೇಜಿ ಆತಂತನ?”

“ಮಂದಿ ಏನಂತಾರಂತ...”

“ಅಲ್ಲಾಹು ನಿಮಗ ಮಾಫಿ ಕೊಟ್ಟಾನ. ಮಂದಿಗೆ ಕೊಡಾಕ ಏನಾಗೇತಿ?” ಅವಳು ಗೇರ್ ಹಾಕಿದಳು. “ಶಾಂತಮ್ಮಾರ ಮನೀಗೆ ನಾಳೆ ಸಂಜಿಮುಂದ ಹೋಗಿ ತಪ್ಪಾತು ಅನ್ರಿ. ಕಥೀ ಗಿಥೀ ಬ್ಯಾಡ. ಮತ್ತ ನಾಳಿಂದ ನಾ ಡಬ್ಬಿ ಕಟ್ತೀನಿ, ಒಯ್ರಿ.”

“ನೀ ರೋಜಾ ಇದ್ದು ನನಗ ಡಬ್ಬಿ ಕಟ್ತೀಯೇನು?”

“ಹ್ಞೂಂ. ಉಪ್ಪು ಹೆಚ್ಚು ಕಮ್ಮಿ ಆದ್ರ ಸುಮ್ನ ತಿನ್ರಿ.”

ಮರುದಿನ ಮಧ್ಯಾಹ್ನ ಮಜೀದ್ ಗೋದಾಮುಗಳ ಕಡೆ ಹೋಗಲಿಲ್ಲ. ವರ್ಕ್‌ಶಾಪಿನ ಶಟರ್ ಪೂರ್ತಿ ಮೇಲೆತ್ತಿದ. ಅಂಟು ಒಣಗಲೆಂದು ಫುಟ್‌ಪಾತಿನ ಬಿಸಿಲಿಗೆ ಹಾಕಿದ್ದ ಹಸಿರು ಸೋಫಾದ ಮೇಲೆ, ರಸ್ತೆಗೆ ಎದುರಾಗಿ, ಬೆನ್ನು ನೆಟ್ಟಗೆ ಮಾಡಿ ಕೂತ. ಸೂಜಿಯನ್ನೂ ಅಲ್ಲೇ, ಅಂಗಿ ಎತ್ತಿ, ಹೊಟ್ಟೆಗೆ ಚುಚ್ಚಿಕೊಂಡ. ಮಸೀದಿಯವರು ಈ ದಾರಿಯಲ್ಲೇ ಮಧ್ಯಾಹ್ನದ ನಮಾಜಿಗೆ ಹೋಗುವುದು. ಡಬ್ಬಿ ಬಿಚ್ಚಿ, ಮುಚ್ಚಳಗಳನ್ನು ಪಕ್ಕದಲ್ಲಿ ಸಾಲಾಗಿ ಜೋಡಿಸಿದ: ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿ. ಯಾರಾದರೂ ಕೇಳಿದರೆ ಹೇಳಬೇಕಾದ ಮಾತನ್ನು ಬೆಳಗಿನಿಂದ ತಯಾರು ಮಾಡಿಟ್ಟುಕೊಂಡಿದ್ದ. ಚಿಕ್ಕ ಮಾತು, ಅದರಲ್ಲಿ ಸೆಲ್ಲೂ ಇರಲಿಲ್ಲ ಹಲ್ಲೂ ಇರಲಿಲ್ಲ. ಮಸೀದಿಯ ಡಾಕ್ಟರ ಕಾರು ಬಂತು, ಅವರು ಫೋನಿನಲ್ಲಿ ಮಾತಾಡುತ್ತಲೇ ಮುಂದೆ ಹೋದರು. ಗುರುತಿನ ಇಬ್ಬರು ಟೋಪಿ ಸರಿಮಾಡಿಕೊಳ್ಳುತ್ತ ಆಚೆ ಫುಟ್‌ಪಾತಿನಲ್ಲಿ ಸಾಗಿದರು, ಮನೆ ಬಾಡಿಗೆಯ ಬಗ್ಗೆ ಏನೋ ಜಗಳವಾಡುತ್ತಿದ್ದರು. ಒಂದು ಬಸ್ಸು ನಿಂತು, ಜನ ಇಳಿದು, ಚದುರಿದರು. ನಾಯಿ ಹಿಡಿದ ಒಬ್ಬಳು ಸೋಫಾ ಮಾರಾಟಕ್ಕಿದೆಯಾ ಎಂದು ಕೇಳಿ, ಇಲ್ಲವೆಂದದ್ದಕ್ಕೆ ಹೋದಳು. ಯಾರೂ ಅವನ ಬಾಯಿಯ ಕಡೆ ನೋಡಲಿಲ್ಲ. ಮಜೀದ್ ಇನ್ನಷ್ಟು ಕಾದ. ಇಷ್ಟು ದಿನ ಆ ಯೂಟಿನಲ್ಲಿ ಮಲಗಿ ಬೆನ್ನು ನೋಯಿಸಿಕೊಂಡದ್ದು ಇವರಿಗಾಗಿಯೇ? ಅವನಿಗೆ ನಿಜವಾಗಿ ಬೇಜಾರಾಯಿತು. ಕಡಕ್ ರೊಟ್ಟಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ರಸ್ತೆಯ ಆಚೆಗೂ ಕೇಳಿಸಲಿ ಎಂದು ಬೇಕಂತಲೇ ಲಟ್ಟನೆ ಮುರಿದ.